ಮೈಲುತುತ್ತದೊಳಗಿನ ತಾಮ್ರ

ಹಾಲುರಾಮೇಶ್ವರದ ಸುತ್ತ ಅಡಿಕೆ ತೋಟ ಮಾಡಿರುವ ರೈತ ಬಾಂಧವರಿಗೆ ತಾಮ್ರ ದೂರದ ವಸ್ತುವಲ್ಲ. ನಮ್ಮ ಜಿಲ್ಲೆಯ ಇಂಗಳದಾಳಿನಲ್ಲಿ ಹಿಂದೆ ಅದರ ಅದಿರನ್ನು ತೆಗೆಯುತ್ತಿದ್ದರು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಕೆಲಸ ಮಾಡುವುದೂ ತಾಮ್ರವೇ.

ತಾಮ್ರ ಒಂದು ಮೂಲಧಾತು. ಎಷ್ಟೇ ಕಾಯಿಸಿದರೂ ಕುಟ್ಟಿದರೂ ಬೇರೆ ಪದಾರ್ಥವಾಗಿ ಒಡೆಯದು. ಅದರ ಅತಿ ಸಣ್ಣ ಕಣವೇ ಪರಮಾಣು. ಅದರ ನಡುವೆ 29 ಪ್ರೋಟಾನುಗಳು. 28 ಇದ್ದರೆ ಅದು ನಿಕ್ಕಲ್, 30 ಇದ್ದರೆ ಸತು. 1869ರಲ್ಲಿ ರಷ್ಯದ ಮೆಂಡಲೀವ್ ಧಾತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಿದನು. ಈಗ ಪ್ರೋಟಾನುಗಳ ಎಣಿಕೆಯಂತೆ ಜೋಡಿಸಿದ ಆ ಕೋಷ್ಟಕದಲ್ಲಿ 118 ಧಾತುಗಳಿವೆ. ಗಿಡಕ್ಕೆ ಬೇಕಾದವು ಸುಮಾರು ಹದಿನೇಳು. ತಾಮ್ರವೂ ಅದರಲ್ಲೊಂದು, ಆದರೆ ಚಿಟಿಕೆಯಷ್ಟು.

ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಸುಮಾರು 250 ಗ್ರಾಂ. ಉಳಿದದ್ದು ಗಂಧಕ, ಆಮ್ಲಜನಕ, ನೀರು. ಇದನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕದಡಿದರೆ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ತಾಮ್ರ ಬಕೆಟ್ಟಿಗೆ ಅಂಟುತ್ತದೆ. ಔಷಧಿಯೂ ಹೋಯಿತು, ಬಕೆಟ್ಟೂ ಹೋಯಿತು! ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆ ಬಳಸಿರಿ. 1 ಕಿಲೋ ತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಉಜ್ಜಿದ ಚಾಕುವನ್ನು ಅದ್ದಿ ನೋಡಿರಿ. ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಳೆಗಾಯಿ ಸುಟ್ಟೀತು. ಇನ್ನಷ್ಟು ಸುಣ್ಣದ ನೀರು ಸೇರಿಸಿರಿ.

ಸಿಂಪಡಿಸಿದ ತಾಮ್ರ ಮಳೆಗೆ ತೊಳೆದು ಮಣ್ಣು ಸೇರುತ್ತದೆ. ಧಾತುವಾದ್ದರಿಂದ ಅದು ಕೊಳೆತು ಇಲ್ಲವಾಗುವುದಿಲ್ಲ. ನಮ್ಮಲ್ಲಿ ಮಲೆನಾಡಿನಷ್ಟು ಮಳೆಯಿಲ್ಲ. ಅಲ್ಲಿಯ ಲೆಕ್ಕದಲ್ಲಿ ಇಲ್ಲಿ ಔಷಧಿ ಹೊಡೆಯುವುದು ಬೇಡ.