ಕಲಿಯಹೊರಟವರು ಹೊಸ್ತಿಲಲ್ಲೇ ಎಡವುವುದೇಕೆ?

ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಾತ್ರಿ ಎರಡು ಗಂಟೆಗಳ ಕಾಲ ಕಂಪ್ಯೂಟರಿನ ವಿದ್ಯೆಯನ್ನು ಕಲಿಯಲೆಳಸುವ ತರುಣರು ನಮ್ಮವರಲ್ಲಿ ಈಗ ಬಹಳ ಮಂದಿ ಇದ್ದಾರೆ. ಒಂದು ಕಾಲಕ್ಕೆ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿ ಗುಮಾಸ್ತಿಕೆ ಹಿಡಿದವರಿಗಿದ್ದ ಹುಮ್ಮಸ್ಸೇ ಇವರಲ್ಲಿಯೂ ಉಂಟು. ಆದರೆ ಇವರಲ್ಲಿ ಹಲವರು ಪಾಠದ ಮೊದಲನೆಯ ಸಾಲನ್ನು ಬರೆಯುವ ಮುನ್ನವೇ ಕೈಚೆಲ್ಲಿ ಕುಳಿತುಬಿಡುತ್ತಾರೆಂಬುದು ವಿಷಾದದ ಸಂಗತಿ. ಕಾರಣವನ್ನು ಕೇಳಿದರೆ, "ಅದೆಲ್ಲ ನಮ್ಮ ತಲೆಗೆ ಹತ್ತುವುದಿಲ್ಲ ಸ್ವಾಮಿ" ಎನ್ನುತ್ತಾರೆ. ಸ್ವಲ್ಪ ಕೆದಕಿ ವಿಚಾರಿಸಿದರೆ, ಪಾಠವು ತಲೆಗೆ ಹತ್ತದೆ ಹೋದುದಲ್ಲ, ಪಾಠಕ್ಕೆ ಬೇಕಾದ ಸಾಧನವು ಯಂತ್ರದೊಳಗೆ ಸರಿಯಾಗಿ ಕೂರದೆ ಹೋದುದು ಎಂದು ತಿಳಿದುಬರುತ್ತದೆ. ಈ ಎರಡಕ್ಕೂ ಅಜಗಜಾಂತರವಿದೆ.

ಪೈಥಾನ್, ಜಾವಾ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮನ್ನು ಒಂದು ಅಡುಗೆಯ ಕ್ರಮವೆಂದು ಭಾವಿಸಿಕೊಂಡರೆ ವಿಷಯವು ಸುಲಭವಾಗುತ್ತದೆ. ಕಾಗದವು ತಾನಾಗಿ ಸಾರು ಕುದಿಸಲಾರದು. ಅದನ್ನು ಓದಿ ಮಾಡುವ ಭಟ್ಟರು ಬೇಕು. ಯಂತ್ರದಲ್ಲಿ ಭಟ್ಟರ ಸ್ಥಾನದಲ್ಲಿರುವುದಕ್ಕೆ ರನ್‌ಟೈಮ್ ಎಂದು ಹೆಸರು. ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಆಪರೇಟಿಂಗ್ ಸಿಸ್ಟಂಗಳು ಭಟ್ಟರು ನಿಂತು ಕೆಲಸ ಮಾಡುವ ಅಡುಗೆಮನೆಗಳು. ಕ್ರಮವನ್ನು ಬರೆದವನ ಮನಸ್ಸಿನಲ್ಲಿದ್ದ ಭಟ್ಟರು ಒಬ್ಬರಾಗಿ, ನಮ್ಮ ಅಡುಗೆಮನೆಯಲ್ಲಿರುವವರು ಇನ್ನೊಬ್ಬರಾದಾಗ ತೊಂದರೆ ಹುಟ್ಟುತ್ತದೆ. "ಇನ್‌ಸ್ಟಾಲ್ ಆಗುತ್ತಿಲ್ಲ" ಎಂಬ ಗೋಳಿನ ಬಹುಪಾಲು ಇಷ್ಟೇ.

ಪೈಥಾನನ್ನೇ ತೆಗೆದುಕೊಳ್ಳೋಣ. 2008ರ ಡಿಸೆಂಬರಿನಲ್ಲಿ ಅದರ ಮೂರನೆಯ ಆವೃತ್ತಿ ಹೊರಬಂದಾಗ, ಹಳೆಯ ಲೋಪಗಳನ್ನು ತಿದ್ದುವ ಸಲುವಾಗಿ ಅದನ್ನು ರೂಪಿಸಿದವರು ಎರಡನೆಯದರೊಡನೆ ಹೊಂದಿಕೆಯನ್ನು ಬೇಕೆಂದೇ ಮುರಿದರು. ಹನ್ನೊಂದು ವರ್ಷಗಳ ಕಾಲ ಎರಡೂ ಜತೆಯಾಗಿ ನಡೆದು, 2020ರ ಜನವರಿ 1ರಂದು ಎರಡನೆಯದಕ್ಕೆ ಪೋಷಣೆ ನಿಂತಿತು. ಆದರೆ ರಸ್ತೆಬದಿಯಲ್ಲಿ ಅಗ್ಗವಾಗಿ ಸಿಗುವ ಹಳೆಯ ಪುಸ್ತಕಗಳಿಗೆ ಇದು ತಿಳಿಯದಷ್ಟೆ! ಪರದೆಯ ಮೇಲೆ ಒಂದು ಮಾತನ್ನು ಮೂಡಿಸುವ 'ಪ್ರಿಂಟ್' ಎಂಬ ಆಜ್ಞೆಗೆ ಹಳೆಯದರಲ್ಲಿ ಆವರಣ ಚಿಹ್ನೆ ಬೇಕಿರಲಿಲ್ಲ, ಹೊಸದರಲ್ಲಿ ಬೇಕೇ ಬೇಕು. ಹೀಗೆ ಪುಸ್ತಕದ ಮೊದಲ ಸಾಲೇ ತಪ್ಪೆಂದು ಯಂತ್ರವು ಹೇಳುತ್ತದೆ. ಕಲಿಯುವವನು ತಾನೇ ದಡ್ಡನೆಂದು ತಿಳಿಯುತ್ತಾನೆ.

ಯಂತ್ರವು ತಪ್ಪೆಂದು ಬಾಯಿಬಿಟ್ಟು ಹೇಳಿದರೆ ಒಳ್ಳೆಯದೇ ಆಯಿತು. ಸುಮ್ಮನಿದ್ದು ತಪ್ಪು ಲೆಕ್ಕ ಕೊಟ್ಟರೇನು ಗತಿ? 125ನ್ನು 2ರಿಂದ ಭಾಗಿಸಲು ಹೇಳಿದರೆ ಹಳೆಯ ಪೈಥಾನ್ 62 ಎನ್ನುತ್ತದೆ, ಹೊಸದು 62.5 ಎನ್ನುತ್ತದೆ. ಬರೆದ ಸಾಲು ಅದೇ, ಓದಿದವರು ಬೇರೆ. ಐವತ್ತು ಪೈಸೆ ಎಲ್ಲಿ ಹೋಯಿತೆಂದು ಗಲ್ಲಾದಲ್ಲಿ ಕುಳಿತವನು ರಾತ್ರಿಯೆಲ್ಲ ಹುಡುಕಿದರೂ ಸಿಗಲಾರದು. 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬಂದಾಗ, ಒಂದು ಆಣೆಗೆ ಆರೂಕಾಲು ಪೈಸೆಯಾಗಿ, ಆ ಕಾಲು ಪೈಸೆಯು ಯಾರಿಗೆ ಸೇರಬೇಕೆಂದು ಕಾಫಿಯ ಬಟ್ಟಲಿನ ಮುಂದೆ ಜಗಳಗಳಾದುವೆಂದು ಹಿರಿಯರಿಂದ ಕೇಳಿದ್ದೇವೆ. ಇದೂ ಅದೇ ಜಾತಿಯ ತಂಟೆ.

ಈಚೆಗೆ ಒಬ್ಬ ಕ್ಯಾಶಿಯರ್ ತರುಣರು ನಮ್ಮ ಕಾರ್ಯಾಲಯಕ್ಕೆ ಬಂದು ತಮ್ಮ ಕಷ್ಟವನ್ನು ತೋಡಿಕೊಂಡರು. ಎರಡು ತಿಂಗಳ ಉಳಿತಾಯವನ್ನು ಸುರಿದು ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡಿದ್ದರು. ಪೈಥಾನ್ ಇಳಿಸಿಕೊಂಡರೆ ಕೂರಲೊಲ್ಲದು. ರಿಪೇರಿ ಅಂಗಡಿಯವನು ಹಣ ಪಡೆದು ಯಂತ್ರವನ್ನು ಸಂಪೂರ್ಣ ಅಳಿಸಿ ಮೊದಲಿನಂತೆ ಮಾಡಿಕೊಟ್ಟನು. ಊರಿನ ಭಾವಚಿತ್ರಗಳೆಲ್ಲ ಹೋದುವು, ತೊಂದರೆ ಮಾತ್ರ ಹೋಗಲಿಲ್ಲ. ನೋಡಿದರೆ ಆ ಯಂತ್ರದಲ್ಲಿದ್ದುದು ವಿಂಡೋಸ್ 7. ಪೈಥಾನ್ 3.9 ಮತ್ತು ಅದರಿಂದ ಮೇಲಿನವು ವಿಂಡೋಸ್ 7ರಲ್ಲಿ ಕೂರುವುದಿಲ್ಲ, 3.8 ಕೂರುತ್ತದೆ. ಹತ್ತು ನಿಮಿಷದ ಕೆಲಸ. ಅಂಗಡಿಯವನು ಅಳಿಸಿ ಮತ್ತೆ ಹಾಕಿದ್ದೂ ವಿಂಡೋಸ್ 7ನ್ನೇ ಆದ್ದರಿಂದ, ಹಣವೂ ಚಿತ್ರಗಳೂ ನಿಷ್ಕಾರಣವಾಗಿ ಹೋದಂತಾಯಿತು. ಪೈಥಾನ್ 3.8ಕ್ಕೆ 2024ರ ಅಕ್ಟೋಬರಿನಲ್ಲಿಯೂ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ ಪೋಷಣೆ ನಿಂತಿದೆ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡಬಾರದು. ಆರಂಭದ ಪಾಠಗಳಿಗೆ ಮಾತ್ರ ಅದು ಧಾರಾಳವಾಗಿ ಸಾಕು. ಹಾಗಲ್ಲದೆ ಹಗುರವಾದ ಲಿನಕ್ಸನ್ನು ಹಾಕಿಕೊಂಡರೆ ಪೈಥಾನ್ ಸಾಮಾನ್ಯವಾಗಿ ಅದರೊಡನೆಯೇ ಬರುತ್ತದೆ.

ಇನ್ನೊಂದು ತೊಡಕು ವಿಚಿತ್ರವಾದುದು. ಇನ್‌ಸ್ಟಾಲ್ ಯಶಸ್ವಿಯಾಯಿತೆಂದು ಯಂತ್ರವೇ ಹೇಳುತ್ತದೆ. ಕಪ್ಪು ಕಿಟಕಿಯಾದ ಕಮಾಂಡ್ ಪ್ರಾಂಪ್ಟಿನಲ್ಲಿ 'ಪೈಥಾನ್' ಎಂದು ಬರೆದರೆ ಅಂಥದ್ದೇ ಇಲ್ಲವೆನ್ನುತ್ತದೆ. ಹೋಟೆಲಿನಲ್ಲಿ ಒಂದೇ ಹೆಸರಿನ ಇಬ್ಬರು ಮಾಣಿಗಳಿದ್ದಾಗ ಏನಾಗುತ್ತದೆಂಬುದು ನಮ್ಮ ಓದುಗರಿಗೆ ಹೊಸತಲ್ಲ. ಹೆಸರು ಕೂಗಿದರೆ ಹತ್ತಿರದಲ್ಲಿದ್ದವನು ಓಡಿಬರುತ್ತಾನೆ, ಬೇಕಾದವನು ಹಿತ್ತಿಲಲ್ಲಿ ನಿಂತೇ ಇರುತ್ತಾನೆ. ಯಂತ್ರವೂ ಹೀಗೆಯೇ. ಯಾವ ಯಾವ ಕೋಣೆಯಲ್ಲಿ, ಯಾವ ಅನುಕ್ರಮದಲ್ಲಿ ಹುಡುಕಬೇಕೆಂಬ ಒಂದು ಪಟ್ಟಿ ಅದರ ಬಳಿಯಿರುತ್ತದೆ. ಅದಕ್ಕೆ 'ಪಾಥ್' ಎಂದು ಹೆಸರು. ಪಟ್ಟಿಯಲ್ಲಿಲ್ಲದ ಕೋಣೆಯನ್ನು ಅದು ನೋಡುವುದೇ ಇಲ್ಲ. ವಿಂಡೋಸಿನಲ್ಲಿ ಪೈಥಾನನ್ನು ಹಾಕುವಾಗ ಮೊದಲ ಪುಟದ ಕೆಳಗಡೆ ಪಾಥ್‌ಗೆ ಸೇರಿಸಬೇಕೆ ಎಂದು ಕೇಳುವ ಚಿಕ್ಕ ಚೌಕವೊಂದುಂಟು. ಅದಕ್ಕೆ ಗುರುತು ಹಾಕದೆ ಮುಂದುವರಿದವರೇ ಹೆಚ್ಚು. ಗುರುತು ಹಾಕಿದ ಮೇಲೂ, ಮೊದಲೇ ತೆರೆದಿದ್ದ ಕಪ್ಪು ಕಿಟಕಿಗೆ ಹೊಸ ಪಟ್ಟಿ ತಿಳಿಯದು. ಅದನ್ನು ಮುಚ್ಚಿ ಹೊಸದಾಗಿ ತೆರೆಯಬೇಕು. ಇಷ್ಟನ್ನು ತಿಳಿಯದೆ ಒಂದೇ ಸಾಧನವನ್ನು ನಾಲ್ಕು ಬಾರಿ ಹಾಕಿ ತೆಗೆದವರುಂಟು.

2019ರ ಮೇ ತಿಂಗಳ ಪರಿಷ್ಕರಣದಿಂದೀಚೆಗೆ ವಿಂಡೋಸ್ 10ರಲ್ಲಿ, ಪೈಥಾನ್ ಇಲ್ಲದಿದ್ದರೆ, ಆ ಹೆಸರನ್ನು ಬರೆದೊಡನೆ ಮೈಕ್ರೋಸಾಫ್ಟಿನ ಅಂಗಡಿಯ ಪುಟವು ತೆರೆದುಕೊಳ್ಳುತ್ತದೆ. ಉಪಕಾರಕ್ಕೆಂದು ಮಾಡಿದ್ದು, ಗಲಿಬಿಲಿಗೂ ಕಾರಣವಾಗಿದೆ. ಆದಕಾರಣ ಮೊದಲು ಮಾಡಬೇಕಾದುದು ಅಳಿಸುವುದಲ್ಲ, ಕೇಳುವುದು. 'ಪೈಥಾನ್' ಎಂದು ಬರೆದು, ತೆರಪು ಬಿಟ್ಟು, ಎರಡು ಕಿರುಗೆರೆ ಹಾಕಿ 'ವರ್ಷನ್' ಎಂದರೆ ಓಡಿಬಂದ ಮಾಣಿಯ ಆವೃತ್ತಿ ತಿಳಿಯುತ್ತದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ 'ವೇರ್ ಪೈಥಾನ್' ಎಂದರೂ, ಲಿನಕ್ಸ್ ಮತ್ತು ಮ್ಯಾಕಿನಲ್ಲಿ 'ವಿಚ್ ಪೈಥಾನ್3' ಎಂದರೂ ಅವನು ಯಾವ ಕೋಣೆಯಿಂದ ಬಂದನೆಂಬುದು ಗೊತ್ತಾಗುತ್ತದೆ. ಯಂತ್ರವು 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನೂ ವಿಂಡೋಸಿನ ಸಿಸ್ಟಂ ಮಾಹಿತಿಯ ಪುಟದಲ್ಲಿ ನೋಡಿಕೊಳ್ಳಬೇಕು. 32ರ ವಿಂಡೋಸಿನಲ್ಲಿ 64ರ ಸಾಧನ ಓಡದು.

ಲಿನಕ್ಸಿನವರಿಗೆ ಒಂದು ಎಚ್ಚರಿಕೆ. ಉಬುಂಟುವಿನ 2020ರ ಆವೃತ್ತಿಯಿಂದೀಚೆಗೆ ಬರಿದೆ 'ಪೈಥಾನ್' ಎಂದರೆ ಉತ್ತರ ಬಾರದಿರಬಹುದು, 'ಪೈಥಾನ್3' ಎನ್ನಬೇಕು. ಅದು ಹಳೆಯದೆಂದು ಕೋಪಿಸಿಕೊಂಡು ಕಿತ್ತೆಸೆಯಲು ಹೋಗಬೇಡಿ. ಆ ವ್ಯವಸ್ಥೆಯ ಎಷ್ಟೋ ಅಂಗಗಳು ಅದೇ ಪೈಥಾನನ್ನು ನಂಬಿಕೊಂಡಿವೆ. ಅದನ್ನು ತೆಗೆದರೆ ಅವುಗಳೂ ಜತೆಯಲ್ಲಿ ಹೋಗಿ, ಪರದೆಯೇ ಬಾರದಂತಾಗುತ್ತದೆ. ನಮಗೆ ಬೇಕಾದುದನ್ನು 'ವೆನ್ವ್' ಎಂಬ ಪ್ರತ್ಯೇಕ ಕೋಣೆಯಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಮ್ಯಾಕಿನವರ ಕಥೆ ಬೇರೆ. 2022ರ ಮಾರ್ಚಿನಲ್ಲಿ ಬಂದ 12.3ರ ಆವೃತ್ತಿಯಲ್ಲಿ ಆಪಲ್ ಸಂಸ್ಥೆಯು ಹಳೆಯ ಪೈಥಾನ್ 2.7ನ್ನು ತಾನೇ ತೆಗೆದುಹಾಕಿತು. ಆ ಯಂತ್ರವನ್ನು ಕೊಳ್ಳಬಲ್ಲವರು ನಮ್ಮ ಓದುಗರಲ್ಲಿ ವಿರಳವಾದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇವೆ.

ಜಾವಾ ಭಾಷೆಯನ್ನು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಹೊರತಂದಾಗ, ಒಮ್ಮೆ ಬರೆದರೆ ಎಲ್ಲಿಯಾದರೂ ಓಡುತ್ತದೆಂದು ಸಾರಿದರು. ಎಲ್ಲಿಯಾದರೂ ಓಡುತ್ತದೆಂಬುದು ನಿಜ, ಅಲ್ಲಿರುವ ಜಾವಾ ಸಾಕಷ್ಟು ಹೊಸದಾಗಿದ್ದರೆ. ಇಲ್ಲವಾದರೆ 'ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್' ಎಂಬ ಭಯಂಕರ ಹೆಸರಿನ ತಕರಾರು ಬರುತ್ತದೆ. ಭಯಪಡಬೇಕಾದುದಿಲ್ಲ; ಇಷ್ಟು ಪ್ರಾಮಾಣಿಕವಾದ ತಕರಾರು ಬೇರೊಂದಿಲ್ಲ. ಅದರಲ್ಲಿ ಎರಡು ಅಂಕಿಗಳಿರುತ್ತವೆ. ಪ್ರತಿಯೊಂದರಿಂದ 44ನ್ನು ಕಳೆಯಿರಿ. 61 ಎಂದಿದ್ದರೆ ಪ್ರೋಗ್ರಾಮಿಗೆ ಬೇಕಾದುದು ಜಾವಾ 17. 52 ಎಂದಿದ್ದರೆ ಯಂತ್ರದಲ್ಲಿರುವುದು ಜಾವಾ 8. ರೋಗವನ್ನೂ ಮದ್ದನ್ನೂ ಒಂದೇ ಸಾಲಿನಲ್ಲಿ ಹೇಳಿದಂತಾಯಿತು. ಇಂಗ್ಲಿಷಿನಲ್ಲಿದೆಯೆಂದು ಅದನ್ನು ಓದದೆ ಕಿಟಕಿ ಮುಚ್ಚುವ ಅಭ್ಯಾಸವನ್ನು ನಮ್ಮ ತರುಣರು ಬಿಡಬೇಕು. ಅರ್ಥವಾಗದಿದ್ದರೆ ಅಕ್ಷರಶಃ ನಕಲು ಮಾಡಿಟ್ಟುಕೊಂಡು, ವಿಂಡೋಸ್ ಯಾವುದು, ಎಷ್ಟು ಬಿಟ್ಟಿನದು, ಯಾವ ಆವೃತ್ತಿಯನ್ನು ಹಾಕಿದಿರಿ ಎಂಬುದನ್ನು ಜತೆಗೆ ಬರೆದು ಬಲ್ಲವರಿಗೆ ತೋರಿಸಿದರೆ, ಅರ್ಧ ಕೆಲಸ ಅಲ್ಲಿಯೇ ತೀರುತ್ತದೆ.

ಗಲ್ಲಾದ ಮೇಲಿರುವ ಬಿಲ್ಲಿನ ಯಂತ್ರದಲ್ಲಿ ಮಾತ್ರ ಈ ಪ್ರಯೋಗಗಳು ಕೂಡದು. ಬಿಲ್ಲು ಮಾಡುವ ಹಳೆಯ ಪ್ರೋಗ್ರಾಮು ಹಳೆಯ ಜಾವಾವನ್ನೋ, ಡಾಟ್‌ನೆಟ್ 3.5 ಎಂಬ ಇನ್ನೊಂದು ರನ್‌ಟೈಮನ್ನೋ ನಂಬಿಕೊಂಡಿರಬಹುದು. ರಾತ್ರಿ ಅದನ್ನು ತೆಗೆದು ಹೊಸದನ್ನು ಹಾಕಿದವನಿಗೆ, ಬೆಳಗಿನ ಇಡ್ಲಿಯ ನೂಕುನುಗ್ಗಲಿನಲ್ಲಿ ಬಿಲ್ಲು ಬಾರದೆ ಹೋದಾಗ ಸಿಗುವ ಸತ್ಕಾರವನ್ನು ನಾವು ಬಣ್ಣಿಸಬೇಕಾಗಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಯಂತ್ರವೊಂದನ್ನು ರಾತ್ರಿಯ ಹೊತ್ತು ಹುಡುಗರ ಕಲಿಕೆಗೆ ಬಿಟ್ಟುಕೊಡಲು ಯಜಮಾನರು ಮನಸ್ಸು ಮಾಡಿದರೆ, ಈ ತಂಟೆಯೇ ಬಾರದು.