ನಿಮಗಿದು ಗೊತ್ತೇ? ಕೆಂಪಾಗುವ ಹೆಪ್ಪು, ಎರಡನೇ ಸೀಟಿ

ಹಾಲನ್ನು ಮೊಸರಾಗಿಸುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳಿಗೆ ಸೆಲೆನಿಯಂ ಉಣಿಸಿದರೆ ಅವು ಕೆಂಪಾಗುತ್ತವೆ! ಪ್ರಯೋಗಾಲಯದಲ್ಲಿ ಅವುಗಳನ್ನು ಬೆಳೆಸುವ ದ್ರಾವಣಕ್ಕೆ ಸೋಡಿಯಂ ಸೆಲೆನೈಟ್ ಬೆರೆಸಿಟ್ಟು, ಆಮೇಲೆ ರಭಸವಾಗಿ ತಿರುಗುವ ಯಂತ್ರಕ್ಕೆ ಹಾಕಿ ತೆಗೆದಾಗ, ನಳಿಕೆಯ ತಳದಲ್ಲಿ ಕೆನೆಬಣ್ಣದ ಗಷ್ಟಿನ ಬದಲು ಇಟ್ಟಿಗೆಗೆಂಪು ಗಷ್ಟು ಕೂತಿರುತ್ತದೆ. ಸೆಲೆನೈಟ್ ವಿಷಕಾರಿ. ಅದನ್ನು ಬ್ಯಾಕ್ಟೀರಿಯಾ ಶುದ್ಧ ಸೆಲೆನಿಯಂನ ಅತಿಸೂಕ್ಷ್ಮ ಕಣಗಳಾಗಿ ಬದಲಿಸಿದ್ದರ ಗುರುತು ಈ ಕೆಂಪು. ಎಲ್ಲವೂ ಹೀಗೆ ಕಣವಾಗಿ ಹೋಗುವುದಿಲ್ಲ. ಒಂದು ಪಾಲು ಬ್ಯಾಕ್ಟೀರಿಯಾದ ಪ್ರೋಟೀನಿನೊಳಗೇ ಹೋಗಿ ಕೂರುತ್ತದೆ.

ಸೆಲೆನಿಯಂ ಮೊದಲು ಕಣ್ಣಿಗೆ ಬಿದ್ದದ್ದೂ ಕೆಂಪು ಗಷ್ಟಿನಲ್ಲೇ. 1817ರಲ್ಲಿ ಸ್ವೀಡನ್ನಿನ ಯಾನ್ಸ್ ಯಾಕೊಬ್ ಬರ್ಜೀಲಿಯಸ್ ಗಂಧಕಾಮ್ಲದ ಕಾರ್ಖಾನೆಯೊಂದರಲ್ಲಿ ಉಳಿದ ಗಷ್ಟನ್ನು ಪರೀಕ್ಷಿಸಿ, ಇದು ಟೆಲ್ಯೂರಿಯಂ ಎಂದುಕೊಂಡರು. ಅಲ್ಲ, ಹೊಸ ಧಾತು ಎಂದು ಆಮೇಲೆ ತಿಳಿಯಿತು. ಟೆಲ್ಯೂರಿಯಂಗೆ ಭೂಮಿಯ ಹೆಸರಿತ್ತು. ಇದಕ್ಕೆ ಗ್ರೀಕರ ಚಂದ್ರದೇವತೆ ಸೆಲೀನಿಯ ಹೆಸರು ಬಂತು.

ಧಾತುಗಳ ಕೋಷ್ಟಕದಲ್ಲಿ ಗಂಧಕದ ಸಂಖ್ಯೆ 16, ಅದರ ನೇರ ಕೆಳಗಿನ ಮನೆಯ ಸೆಲೆನಿಯಂನದು 34. ಗುಣದಲ್ಲಿ ಎಷ್ಟು ಹತ್ತಿರವೆಂದರೆ, ಗಂಧಕವಿರುವ ಮೆಥಿಯೋನಿನ್ ಎಂಬ ಅಮೈನೊ ಆಮ್ಲದಲ್ಲಿ ಗಂಧಕದ ಜಾಗಕ್ಕೆ ಸೆಲೆನಿಯಂ ಬಂದು ಕೂತರೂ ಜೀವಕೋಶಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಮೆಥಿಯೋನಿನ್ ಎಂದೇ ಎತ್ತಿಕೊಂಡು ಪ್ರೋಟೀನಿಗೆ ಪೋಣಿಸಿಬಿಡುತ್ತದೆ. ಸೆಲೆನಿಯಂ ಯೀಸ್ಟ್ ಎಂದು ಮಾರುವ ಮಾತ್ರೆಗಳಲ್ಲಿ ಇರುವುದು ಬಹುಪಾಲು ಇದೇ, ಸೆಲೆನೋಮೆಥಿಯೋನಿನ್. ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲೂ ಸೆಲೆನಿಯಂ ಹೀಗೆ ಗುರುತು ತಪ್ಪಿ ಪ್ರೋಟೀನು ಸೇರಬಹುದು.

ಆದರೆ ಗುರುತು ಹಿಡಿದು, ಇಂಥದೇ ಜಾಗ ಎಂದು ನೋಡಿ ಸೆಲೆನಿಯಂ ಕೂರಿಸುವ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಒಂದು, ನೂರು ವರ್ಷ ದಾಟಿದ ಪ್ರೋಬಯಾಟಿಕ್, ಎಂದರೆ ಆರೋಗ್ಯಕ್ಕೆಂದು ಸೇವಿಸುವ ಬ್ಯಾಕ್ಟೀರಿಯಾ! ಮೊದಲ ಮಹಾಯುದ್ಧದ ಕಾಲದಲ್ಲಿ ಜೊತೆಯವರೆಲ್ಲ ಭೇದಿಯಿಂದ ಮಲಗಿದರೂ ಒಬ್ಬ ಸೈನಿಕನಿಗೆ ಏನೂ ಆಗಲಿಲ್ಲ. 1917ರಲ್ಲಿ ಜರ್ಮನಿಯ ವೈದ್ಯ ಆಲ್‌ಫ್ರೆಡ್ ನಿಸ್ಲೆ ಅವನ ಮಲದಿಂದ ಬೇರ್ಪಡಿಸಿದ ಇ. ಕೋಲಿ ತಳಿ ಇಂದಿಗೂ ‘ನಿಸ್ಲೆ 1917’ ಎಂಬ ಹೆಸರಿನಲ್ಲೇ ಇದೆ. ಇ. ಕೋಲಿ ಎಂದೊಡನೆ ಕಾಯಿಲೆಯನ್ನೇ ನೆನೆಯುವವರು ಇದನ್ನೊಮ್ಮೆ ನೆನೆಯಬೇಕು.

ಇ. ಕೋಲಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜೀನಿನ ನಕಲಾದ ಆರ್‌ಎನ್‌ಎಯನ್ನು ರೈಬೋಸೋಮ್ ಮೂರು ಮೂರು ಅಕ್ಷರವಾಗಿ ಓದುತ್ತ ಅಮೈನೊ ಆಮ್ಲಗಳನ್ನು ಪೋಣಿಸುತ್ತದೆ. ‘ಯುಜಿಎ’ ಎಂಬ ಮೂರಕ್ಷರ ಬಂದರೆ ‘ಮುಗಿಯಿತು, ನಿಲ್ಲು’ ಎಂದರ್ಥ. ಫಾರ್ಮೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಆದೇಶದಲ್ಲಿ ಈ ಯುಜಿಎ 140ನೇ ಸ್ಥಾನದಲ್ಲೇ ಬಂದುಬಿಡುತ್ತದೆ. ಕಿಣ್ವದ ಉದ್ದ 715 ಅಮೈನೊ ಆಮ್ಲ. ಅಲ್ಲೇ ನಿಂತರೆ ಕಿಣ್ವ ಮೊಂಡಾಗುತ್ತದೆ. ನಿಲ್ಲುವುದಿಲ್ಲ, ಏಕೆಂದರೆ ಯುಜಿಎಯ ಬೆನ್ನಿಗೇ ಆರ್‌ಎನ್‌ಎ ಹೇರ್‌ಪಿನ್ನಿನಂತೆ ಮಡಚಿಕೊಂಡಿರುತ್ತದೆ. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು, ಅಲ್ಲವೇ? ಆ ಮಡಿಕೆಯೇ ಎರಡನೇ ಸೀಟಿ. ‘ಸೆಲ್-ಬಿ’ ಎಂಬ ಪ್ರೋಟೀನು ಒಂದು ಕೈಯಲ್ಲಿ ಮಡಿಕೆಯನ್ನು ಹಿಡಿದು, ಇನ್ನೊಂದು ಕೈಯಿಂದ ಸೆಲೆನಿಯಂ ಇರುವ ಸೆಲೆನೋಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ರೈಬೋಸೋಮಿಗೆ ಒಪ್ಪಿಸುತ್ತದೆ. ಪೋಣಿಸುವಿಕೆ ಮುಂದುವರಿಯುತ್ತದೆ. ಸೆಲೆನಿಯಂ ಸಿಗದಿದ್ದರೆ ಮಾತ್ರ ಮೊದಲ ಸೀಟಿಗೇ ನಿಲುಗಡೆ!

ಶಾಲೆಯಲ್ಲಿ 20 ಅಮೈನೊ ಆಮ್ಲಗಳನ್ನು ಕಲಿತವರು 21ನೆಯದಾಗಿ ಸೇರಿಸಿಕೊಳ್ಳಬೇಕಾದದ್ದು ಈ ಸೆಲೆನೋಸಿಸ್ಟೀನ್.

ಅದನ್ನು ತಯಾರಿಸುವ ಬಗೆ ನನಗೆ ಇನ್ನೂ ಇಷ್ಟ. ಇ. ಕೋಲಿಯಲ್ಲಿ ಉಳಿದ ಇಪ್ಪತ್ತು ಮೊದಲೇ ಸಿದ್ಧವಾಗಿದ್ದು, ಆಮೇಲೆ ತಮ್ಮನ್ನು ರೈಬೋಸೋಮಿಗೆ ಒಯ್ಯುವ ತಮ್ಮ ತಮ್ಮ ಸಾಗಣೆ ಆರ್‌ಎನ್‌ಎ ಏರುತ್ತವೆ. ಸೆಲೆನೋಸಿಸ್ಟೀನ್ ಹುಟ್ಟುವುದೇ ಸಾಗಣೆ ಆರ್‌ಎನ್‌ಎಯ ಮೇಲೆ. ಮೊದಲು ಸೆರೀನ್ ಎಂಬ ಅಮೈನೊ ಆಮ್ಲ ಹತ್ತಿ ಕೂರುತ್ತದೆ. ‘ಸೆಲ್-ಎ’ ಎಂಬ ಕಿಣ್ವ ಅದನ್ನು ಕೂತಲ್ಲೇ ಸೆಲೆನೋಸಿಸ್ಟೀನ್ ಆಗಿಸುತ್ತದೆ. ಬೇಕಾದ ಸೆಲೆನಿಯಂ ಅನ್ನು ‘ಸೆಲ್-ಡಿ’ ಹದಮಾಡಿ ಕೊಡುತ್ತದೆ. ‘ಸೆಲ್-ಸಿ’ ಎಂದರೆ ಆ ಸಾಗಣೆ ಆರ್‌ಎನ್‌ಎಯ ಜೀನ್. ಇ. ಕೋಲಿಯ ಸಾಗಣೆ ಆರ್‌ಎನ್‌ಎಗಳಲ್ಲೆಲ್ಲ ಅತಿ ಉದ್ದದ್ದು ಇದೇ, 95 ಅಕ್ಷರ. ಮ್ಯೂನಿಕ್‌ನ ಆಗುಸ್ಟ್ ಬೋಕ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ನಾಲ್ಕನ್ನೂ ಒಂದೊಂದಾಗಿ ಬಿಡಿಸಿ ತೋರಿಸಿದರು.

ಇಷ್ಟೆಲ್ಲ ಪಾಡು ಯಾಕೆ? ಫಾರ್ಮೇಟ್ ಡಿಹೈಡ್ರೋಜಿನೇಸ್ ಕಿಣ್ವದಲ್ಲಿ ಸೆಲೆನಿಯಂ ತೆಗೆದು ಗಂಧಕ ಕೂರಿಸಿದರೆ ಅದರ ವೇಗ ನೂರು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ! ಬ್ಯಾಕ್ಟೀರಿಯಾದ ಒಳಗಿನ ವಾತಾವರಣದಲ್ಲಿ ಸೆಲೆನೋಸಿಸ್ಟೀನ್ ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ಕೆಲಸಕ್ಕೆ ಅಣಿಯಾಗಿಯೇ ಇರುತ್ತದೆ. ಅದರ ಜಾಗದಲ್ಲಿ ಗಂಧಕವಿರುವ ಸಿಸ್ಟೀನ್ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಸೆಲೆನಿಯಂ ಜೀವಿಗಳಿಗೆ ಬೇಕು ಎಂದು ಮೊದಲು ತಿಳಿಸಿದ್ದೂ ಬ್ಯಾಕ್ಟೀರಿಯಾವೇ. 1954ರಲ್ಲಿ ಜೇನ್ ಪಿನ್ಸೆಂಟ್, ಇ. ಕೋಲಿ ಫಾರ್ಮೇಟನ್ನು ಒಡೆಯಲು ಸೆಲೆನೈಟ್ ಬೇಕೆಂದು ತೋರಿಸಿದರು. ಇಲಿಗಳ ಯಕೃತ್ತನ್ನು ಅದು ಕಾಪಾಡುತ್ತದೆ ಎಂದು ಕ್ಲಾಸ್ ಶ್ವಾರ್ಟ್ಸ್ ತೋರಿಸಿದ್ದು 1957ರಲ್ಲಿ. ಅಲ್ಲಿಯವರೆಗೆ ಅದು ಜಾನುವಾರುಗಳ ಗೊರಸು ಕಳಚಿಸುವ ವಿಷವೆಂದೇ ಹೆಸರಾಗಿತ್ತು. ಪ್ರೋಟೀನಿನಲ್ಲಿ ಅದು ಸೆಲೆನೋಸಿಸ್ಟೀನ್ ರೂಪದಲ್ಲಿದೆ ಎಂದು 1976ರಲ್ಲಿ ಪತ್ತೆಹಚ್ಚಿದ್ದು ಅಮೆರಿಕದ ಥ್ರೆಸಾ ಸ್ಟಾಡ್‌ಮನ್ ಅವರ ಪ್ರಯೋಗಾಲಯ. ಅದೂ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ.

ಮನುಷ್ಯರಲ್ಲೂ ಇದೇ ‘ಯುಜಿಎ’ ಏರ್ಪಾಡು. ನಮ್ಮ 25 ಜೀನುಗಳು ಸೆಲೆನಿಯಂ ಪ್ರೋಟೀನು ತಯಾರಿಸುತ್ತವೆ. ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸುವ ಕಿಣ್ವಗಳು ಅವುಗಳಲ್ಲಿ ಸೇರಿವೆ. ಹೇರ್‌ಪಿನ್ ಮಡಿಕೆ ಮಾತ್ರ ನಮ್ಮಲ್ಲಿ ಯುಜಿಎಯ ಪಕ್ಕದಲ್ಲಿಲ್ಲ, ಆರ್‌ಎನ್‌ಎಯ ಬಾಲದಲ್ಲಿದೆ. ಯೀಸ್ಟಿಗೂ ಭತ್ತ, ರಾಗಿಯಂಥ ಗಿಡಗಳಿಗೂ ಈ ಏರ್ಪಾಡೇ ಇಲ್ಲ!

ಸೆಲೆನಿಯಂ ಸಾಲದಿದ್ದರೆ ನಮಗೂ ತೊಂದರೆ. ಚೀನಾದ ಕೆಷಾನ್‌ನಲ್ಲಿ 1935ರಲ್ಲಿ ಕಂಡ ಹೃದಯದ ಕಾಯಿಲೆಗೆ ಮಣ್ಣಿನ ಸೆಲೆನಿಯಂ ಕೊರತೆಯೂ ಕಾರಣ. ಇಂಥ ಕೊರತೆ ನೀಗಲೆಂದು ಫಿನ್ಲೆಂಡ್ 1984ರಿಂದ ಗೊಬ್ಬರಕ್ಕೇ ಸೆಲೆನಿಯಂ ಬೆರೆಸುತ್ತಿದೆ. ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ್ ಸುತ್ತಲ ಕೆಲವು ಹೊಲಗಳಲ್ಲಿ ತೊಂದರೆ ತಿರುವುಮುರುವು: ಅಲ್ಲಿ ಅದು ಅತಿಯಾಗಿದೆ.

ಸೆಲೆನಿಯಂ ಸೇರಿಸಿದ ಪ್ರೋಬಯಾಟಿಕ್ ಕೊಳ್ಳುವವರು ಪೊಟ್ಟಣದ ಮೇಲಿನ ಅಂಕಿ ಓದಲೇಬೇಕು. ಅಮೆರಿಕದ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, 400 ದಾಟಬಾರದು. ಬೇಕಾದದ್ದಕ್ಕೂ ಹೆಚ್ಚಾದದ್ದಕ್ಕೂ ನಡುವೆ ಅಂತರ ಕಡಿಮೆ. ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಬೆಳ್ಳುಳ್ಳಿ ತಿನ್ನದಿದ್ದರೂ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ!

ಬ್ಯಾಕ್ಟೀರಿಯಾ ಪೋಣಿಸಿಟ್ಟ ಸೆಲೆನೋಸಿಸ್ಟೀನ್ ನಾವು ತಿಂದಮೇಲೆ ಹಾಗೆಯೇ ನಮ್ಮ ಪ್ರೋಟೀನು ಸೇರುವುದಿಲ್ಲ. ನಮ್ಮ ದೇಹ ಅದನ್ನು ಒಡೆದು ಸೆಲೆನಿಯಂ ಬಿಡಿಸಿಕೊಂಡು, ಸಾಗಣೆ ಆರ್‌ಎನ್‌ಎಯ ಮೇಲೆ ಸೆರೀನ್ ಕೂರಿಸಿ, ಮೊದಲಿಂದ ಶುರುಮಾಡುತ್ತದೆ.