ನಿಮಗಿದು ಗೊತ್ತೆ? ಮಹಾನವಮಿಯ ಮಲ್ಲರು

ಗುದ್ದು, ಒದೆತ, ಪಟ್ಟು ಎಲ್ಲವೂ ಬೆರೆತ ‘ಎಂಎಂಎ’ ಕಾಳಗವು 1993ರಲ್ಲಿ ಅಮೆರಿಕದ ಡೆನ್ವರಿನಲ್ಲಿ ನಡೆದ ಯುಎಫ್‌ಸಿ ಕೂಟದಿಂದ ಪ್ರಸಿದ್ಧಿಗೆ ಬಂದಿತೆಂದು ಬಲ್ಲ ಹನುಮಸಾಗರದ ತರುಣರು, ಅದಕ್ಕೆ ಅತಿ ಸಮೀಪವಾದ ಸ್ಪರ್ಧೆಯೊಂದು ನಮ್ಮ ಆನೆಗೊಂದಿಗೆ ಎದುರಾಗಿ, ತುಂಗಭದ್ರೆಯ ಆಚೆ ದಡದ ವಿಜಯನಗರದಲ್ಲಿ, ಐನೂರು ವರ್ಷಗಳ ಹಿಂದೆಯೇ ರಾಜಾಶ್ರಯದಲ್ಲಿ ನಡೆಯುತ್ತಿದ್ದಿತೆಂಬುದನ್ನೂ ಅರಿಯಬೇಕು.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಮಹಾನವಮಿಯ ಮಲ್ಲರನ್ನು ಕಂಡು, ಇವರ ಕುಸ್ತಿ ತನ್ನ ನಾಡಿನದರಂತಲ್ಲವೆಂದೂ, ಹಲ್ಲು ಮುರಿಯುವ, ಕಣ್ಣು ಕೀಳುವ ಗುದ್ದುಗಳೂ ನೆಲಕ್ಕೆ ಕೆಡಹುವ ಪಟ್ಟುಗಳೂ ಅದರಲ್ಲುಂಟೆಂದೂ, ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಇದಕ್ಕಿಂತಲೂ ಗಮನಾರ್ಹವಾದುದು, ಇಬ್ಬರನ್ನೂ ಸಮಾನವಾಗಿ ಕಣದಲ್ಲಿ ನಿಲ್ಲಿಸಿ, ಗೆದ್ದವನಿಗೆ ತಕ್ಕ ಮರ್ಯಾದೆಯನ್ನು ನಿಶ್ಚಯಿಸಲು ನಾಯಕರೂ ನಿರ್ಣಾಯಕರೂ ಇದ್ದರೆಂಬ ಅವನ ಮಾತು. ಅಷ್ಟು ಉಗ್ರವಾದ ಕಾಳಗಕ್ಕೂ ಕಟ್ಟಳೆಯಿದ್ದುದೇ ಅದರ ನಿಜವಾದ ಹಿರಿಮೆ.

ಸ್ವಯಂ ಕೃಷ್ಣದೇವರಾಯನೇ ನಸುಕಿಗೆ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಪೂಸಿಕೊಂಡು, ಮಣ್ಣಿನ ಭಾರದ ಗುಂಡುಗಳನ್ನೆತ್ತಿ, ಬೆವರಿನೊಡನೆ ಎಣ್ಣೆಯೆಲ್ಲ ಇಳಿಯುವವರೆಗೆ ಕತ್ತಿ ಬೀಸಿ, ಬಳಿಕ ತನ್ನ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದನಂತೆ.

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜಟ್ಟಿಗಳು ಆಡುತ್ತ ಬಂದಿರುವ ವಜ್ರಮುಷ್ಟಿ ಕಾಳಗವೂ ಈ ಪರಂಪರೆಗೆ ಸೇರಿದುದೇ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಅದು ಮುಗಿಯುತ್ತದೆ.